ಗೋವಿಂದಪ್ಪ ಅರ್ಧಕ್ಕೆ ಬಿಟ್ಟ ಸೀರೆ

ಹಕ್ಕಿಗಳು ಮನುಷ್ಯರ ಹಾಗೆ ಹರಟುತ್ತಿದ್ದ ಕಾಲಕ್ಕೆ ಒಂದೂರಲ್ಲಿ ಅಕ್ಕತಂಗಿ ಇದ್ದರಂತೆ. ಅಕ್ಕ ಬಾವಿಗಿಳಿದು ನೀರು ಕೆಟ್ಟಿದೆಯೋ ನೋಡಿ, ಕೆಟ್ಟಿದ್ದರೆ ತಿಳಿ ಮಾಡುತ್ತಿದ್ದಳಂತೆ. ತಂಗಿ ದಂಡೆಯ ಮೇಲೆ, ಕೊಡ ಒಡೆದುಕೊಂಡು ಅಳುವವರ ಮಗ್ಗುಲಲ್ಲಿ ಕೂಡುತ್ತಿದ್ದಳಂತೆ.

ಬೆಟಗೇರಿಯ ಗುಲಾಬಬಿ ಈ ಕಥೆ ಕಟ್ಟಿದ್ದು ಮೊಮ್ಮಗಳು ನೂರೀನಳಿಗಾಗಿ. ನೂರೀನ ಧಾರವಾಡದ ಆಸ್ಪತ್ರೆಯೊಂದರಲ್ಲಿ ಕ್ಲಿನಿಕಲ್ ಸೈಕಾಲಜಿ ತರಬೇತಿಯಲ್ಲಿದ್ದಳು. ಗೆಳತಿ ಲಕ್ಷ್ಮೀದೇವಿ ಗದಗಿನಲ್ಲಿ ಆಪ್ತಸಮಾಲೋಚನೆ ಕಲಿಯುತ್ತಿದ್ದಳು. ಎರಡೂ ಒಂದೇ ಅಲ್ಲವೇ ಎಂದು ಓಣಿಯವರು ಕೇಳಿದರೆ ನೂರೀನಳಿಗೂ ಉತ್ತರ ತೊಡರುತ್ತಿತ್ತು; ಅದಕ್ಕೇ ಅಜ್ಜಿ ಈ ಅಕ್ಕತಂಗಿಯರನ್ನು ಕಟ್ಟಿಕೊಟ್ಟಿದ್ದಳು.

ಪಕ್ಕದ ಮನೆಯ ನೇಕಾರ ಗೋವಿಂದಪ್ಪ ಗುಲಾಬಬಿಗೊಂದು ಸೀರೆಯ ಮಾತು ಕೊಟ್ಟು, ಅರ್ಧ ನೇಯ್ದು ತೀರಿಕೊಂಡಿದ್ದ. ಅಂದಿನಿಂದ ಹೆಂಡತಿ ಚೌಡವ್ವ ಆ ಮಗ್ಗವನ್ನು ಯಾರಿಗೂ ಮುಟ್ಟಗೊಡದೆ, ಅದರ ಮುಂದೆ ಕೂತು ಗಂಡನೊಂದಿಗೆ ಮಾತಾಡುತ್ತಿದ್ದಳು. ಅವ್ವನ ತಲೆ ಕೆಟ್ಟಿತೆಂದು ಹೆದರಿದ ಮಗ ಪ್ರಭುಲಿಂಗ, ಅವಳನ್ನು ಆಸ್ಪತ್ರೆಗೆ ಸೇರಿಸಿ ಮಗ್ಗ ಬಿಚ್ಚಿಬಿಡುವುದೆಂದು ನಿಶ್ಚಯಿಸಿದ.

"ಮೊದ್ಲು ನೀ ಒಂಚೂರು ನೋಡು ತಂಗಿ" ಎಂದು ನೂರೀನಳನ್ನು ಕೇಳಿಕೊಂಡ.

ತಾನಿನ್ನೂ ಕಲಿಯುವವಳು, ಗುರುಗಳನ್ನು ಕೇಳದೆ ಏನೂ ಹೇಳುವಂತಿಲ್ಲ ಎಂದೇ ನೂರೀನ ಹೋದಳು. ನಿದ್ದೆ, ಊಟ, ನೆನಪು ಎಲ್ಲ ವಿಚಾರಿಸಿ ಕೊನೆಗೆ ಕೇಳಿದಳು:

"ಯವ್ವಾ, ನೀವು ಮಾತಾಡೂದು ಖರೆ. ಕಾಕಾ ತಿರುಗಿ ಮಾತಾಡ್ತಾರೇನ್ರಿ?"

"ಇದ್ದಾಗರ ಎಲ್ಲಿ ಮಾತಾಡ್ತಿದ್ರು, ಹೋದ ಮ್ಯಾಲೆ ಮಾತಾಡಾಕ?"

ನೂರೀನ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಧಾರವಾಡದ ಗುರುಗಳೂ ಎಲ್ಲವನ್ನೂ ಕೇಳಿ, ಇದು ರೋಗವಲ್ಲ, ದುಃಖ ಎಂದರು. ಬಾವಿಯ ನೀರು ತಿಳಿಯಾಗಿಯೇ ಇತ್ತು. ತನ್ನ ಕೆಲಸ ಇಷ್ಟಕ್ಕೇ ಮುಗಿಯಿತಲ್ಲ ಎಂಬ ಸಣ್ಣ ಬೇಸರದೊಂದಿಗೇ ನೂರೀನ ಲಕ್ಷ್ಮೀದೇವಿಯನ್ನು ಕರೆದಳು.

ಲಕ್ಷ್ಮೀದೇವಿ ಪ್ರತಿ ಶನಿವಾರ ಬಂದು ಮಗ್ಗದ ಹತ್ತಿರ ಕೂತಳು. ಅಲ್ಲಿ ಏನು ಮಾತಾಯಿತೆಂದು ನೂರೀನ ಎಷ್ಟು ಕೆಣಕಿದರೂ ಬಾಯಿ ಬಿಡಲಿಲ್ಲ. ಕೊನೆಗೆ ಚೌಡವ್ವನೇ ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತ ಗುಲಾಬಬಿಗೆ ಹೇಳಿದಳು. ಮಗ್ಗದಲ್ಲಿ ಎಳೆ ಬಡಿಯುವಾಗ ಒಬ್ಬರ ಕೈಯ ಏಟು ಇನ್ನೊಬ್ಬರಿಗೆ ಬರುವುದಿಲ್ಲ. ತಾನು ಲಾಳಿ ಹಿಡಿದರೆ ಅವರ ನೇಯ್ಗೆ ಎಲ್ಲಿ ಮುಗಿಯಿತೆಂದು ಸೀರೆಯಲ್ಲಿ ಕಂಡೇ ಬಿಡುತ್ತದೆ. ಅದೇ ಭಯ.

"ಕಂಡ್ರ ಏನಾಕ್ಕೈತ್ರಿ ಅಂತ ಕೇಳಿದ್ಳು ಆ ಹುಡುಗಿ. ನಾ ಭಾಳ ಹೊತ್ತು ಅತ್ತೆ. ಆಮ್ಯಾಲೆ ಅನ್ನಿಸ್ತು, ಕಾಣಲಿ ಬಿಡು. ಅಲ್ಲೀತನಕ ಅವ್ರು, ಅಲ್ಲಿಂದ ನಾನು."

ಮರುದಿನ ಓಣಿಗೆ ಮಗ್ಗದ ಸದ್ದು ಕೇಳಿತು. ಪ್ರಭುಲಿಂಗ ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡ.

ಸೀರೆ ಬಂದ ದಿನ ಗುಲಾಬಬಿ ಅದನ್ನು ಮಡಿಲಲ್ಲಿ ಹರವಿ, ಬೆರಳಾಡಿಸುತ್ತ ಕೈ ಬದಲಾದ ಆ ಗೆರೆಯನ್ನು ಹುಡುಕಿ ಹಿಡಿದಳು. ಅದು ಎಲ್ಲರಿಗೂ ಕಾಣುವಂತೆ ಹೆಗಲ ಮೇಲೆ ಬರುವ ಹಾಗೆ ಉಟ್ಟುಕೊಂಡು, ಚೌಡವ್ವನ ಮನೆಯ ಹೊಸ್ತಿಲು ದಾಟಿದಳು.