ನಮ್ಮ ಹೆಸರಿನಲ್ಲಿ ಜಿನೀವಾಕ್ಕೆ ಹೊರಟ ಕಾಗದ

ಯಲ್ಲಾಪುರದಿಂದ ಹನ್ನೊಂದು ಕಿಲೋಮೀಟರು ಕಾಡಿನೊಳಗೆ ಹೋದರೆ ಕಿರುಗದ್ದೆ ಎಂಬ ಸಿದ್ದಿಯರ ಕೇರಿ ಸಿಗುತ್ತದೆ. ಇಪ್ಪತ್ತಾರು ಮನೆ. ಈ ಕೇರಿಗೆ ಕಾರು ಬಂತೆಂದರೆ ಮಕ್ಕಳು ಹೊರಗೆ ಓಡುತ್ತಾರೆ, ದೊಡ್ಡವರು ಒಳಗೆ ಹೋಗುತ್ತಾರೆ. ಬಂದವರು ಫೋಟೋ ತೆಗೆಯುತ್ತಾರೆ, ಕುಣಿದು ತೋರಿಸಿ ಅನ್ನುತ್ತಾರೆ, ಸಹಿ ಕೇಳುತ್ತಾರೆ, ಹೋಗುತ್ತಾರೆ. ಮುಂದೆ ಏನಾಯಿತು ಅಂತ ತಿಳಿಸಲು ತಿರುಗಿ ಬಂದವರು ಒಬ್ಬರೂ ಇಲ್ಲ.

ಎರಡು ವರ್ಷದ ಹಿಂದೆ, ಚೌತಿ ಕಳೆದ ವಾರ, ಅಂಥದ್ದೇ ಒಂದು ಕಾರು ಬಂತು. ಇಳಿದವನ ಹೆಸರು ಉಲ್ಲಾಸ, ದೂರದ ಊರಿನ ಒಂದು ಸಂಸ್ಥೆಯವನು. ಕೈಯಲ್ಲಿ ನಾಲ್ಕು ಪುಟದ ಇಂಗ್ಲಿಷ್ ಕಾಗದ.

"ಜಿನೀವಾ ಅಂತ ಊರಿದೆ. ಬರುವ ಜುಲೈನಲ್ಲಿ ಅಲ್ಲಿ ವಿಶ್ವಸಂಸ್ಥೆಯ ಸಭೆ. ಜಗತ್ತಿನ ಆದಿವಾಸಿಗಳ ವಿಷಯ ಮಾತಾಡ್ತಾರೆ. ನಿಮ್ಮ ಪರವಾಗಿ ಇದನ್ನು ನಾವು ಓದ್ತೇವೆ. ನೀವು ಸಹಿ ಹಾಕಿದ್ರೆ ಸಾಕು" ಎಂದ.

ಹನ್ನೊಂದು ಮಂದಿ ಸಹಿ ಹಾಕಿದರು. ಜೇನು ಕೀಳುವ ಕೆರಿಯ ಮೊದಲನೆಯವನು. ಅವನ ಹೆಂಡತಿ ವೆಂಕಮ್ಮನ ಸರದಿ ಬಂದಾಗ ಅವಳು ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ಎಂತ ಬರದ್ದು ಇದ್ರಲ್ಲಿ? ಓದಿ ಹೇಳು."

"ದೊಡ್ಡದಿದೆ ಅಮ್ಮಾ. ಒಟ್ಟಿನಲ್ಲಿ ನಿಮಗೆ ಒಳ್ಳೆಯದಾಗ್ತದೆ ಅಂತ ಇದೆ."

"ಒಳ್ಳೇದಾಗ್ತು ಹೇಳೂಕೆ ನಾಲ್ಕು ಪುಟ ಎಂತಕ್ಕೆ ಬೇಕು?"

ಉಲ್ಲಾಸ ನಕ್ಕ. ವೆಂಕಮ್ಮ ನಗಲಿಲ್ಲ. ಒಂದು ಪ್ರತಿ ಕೊಡದೆ ಕಾರು ಹೊರಡಿಸುವುದಿಲ್ಲ ಎಂದು ದಾರಿಗೆ ಅಡ್ಡ ಕೂತಳು. ಕೊನೆಗೆ ಅವನು ಬೇಸರದಿಂದಲೇ ಒಂದು ಪ್ರತಿ ಕೊಟ್ಟು ಹೋದ.

ಮರುದಿನ ವೆಂಕಮ್ಮನ ಸೊಸೆ ದೇವಿ ಆ ಕಾಗದ ಹಿಡಿದು ಯಲ್ಲಾಪುರಕ್ಕೆ ಹೋದಳು. ಅಲ್ಲಿ ಸಮೃದ್ಧಿ ಎಂಬ ವಕೀಲೆ ಇದ್ದಾಳೆ. ಅವಳೂ ಸಿದ್ದಿಯವಳೇ. ಸಮೃದ್ಧಿ ಎರಡು ಸಲ ಓದಿದಳು. ಆಮೇಲೆ ದೇವಿಯ ಜೊತೆಗೇ ಬಸ್ಸು ಹತ್ತಿ ಕೇರಿಗೆ ಬಂದು, ವೆಂಕಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದಳು.

"ಅತ್ತೆ, ಮೂರನೇ ಪುಟದಲ್ಲಿ ಹೀಗಿದ್ದು ಕೇಳಿ. 'ಕಿರುಗದ್ದೆಯ ನಾವು ಜೇನು, ಬೆತ್ತ ತೆಗೆಯುವುದನ್ನು ಸ್ವಂತ ಇಚ್ಛೆಯಿಂದ ಬಿಡುತ್ತೇವೆ. ಕಾಡು ಬಿಟ್ಟು ರಸ್ತೆ ಬದಿಗೆ ಹೋಗಲು ಒಪ್ಪಿದ್ದೇವೆ.'"

ಕೆರಿಯ ಜಗಲಿಯಿಂದ ಎದ್ದು ಬಂದ. "ನಾನು ಹಾಂಗೆ ಹೇಳಿದ್ನಿಲ್ಲೆ" ಎಂದ. ಮತ್ತೆ ಮತ್ತೆ ಅದನ್ನೇ ಹೇಳಿದ.

"ನೀನು ಹೇಳಿದ್ದಿಲ್ಲೆ, ಸಹಿ ಹಾಕಿದ್ದೆ" ಎಂದಳು ವೆಂಕಮ್ಮ. "ಇನ್ನು ಮೇಲೆ ಆ ಜಿನೀವಾ, ಆ ಸಭೆ, ಯಾವ್ದೂ ಬ್ಯಾಡ. ಎಲ್ಲಾ ಮೋಸವೇ."

"ಸಭೆ ಮೋಸ ಅಲ್ಲ ಅತ್ತೆ. ಅದು ನಿಜವಾಗಿಯೂ ಇದ್ದು. ಜಿನೀವಾದಲ್ಲಿ ಒಂದು, ನ್ಯೂಯಾರ್ಕಿನಲ್ಲಿ ಒಂದು, ಪ್ರತಿವರ್ಷ ನಡೀತು. ಆದಿವಾಸಿಗಳ ಸಂಘದವರು ತಾವೇ ಹೋಗಿ ಮಾತಾಡಲಕ್ಕು. ನಾವು ಹೋಗದಿದ್ರೆ ನಮ್ಮ ಮಾತನ್ನ ಬೇರೆಯವರು ಆಡ್ತ. ಈಗ ಆಗಿದ್ದು ಅದೇ ಅಲ್ದಾ?" ಎಂದಳು ಸಮೃದ್ಧಿ.

ವೆಂಕಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನಿಂಗೆ ಇದ್ರಲ್ಲಿ ಎಂತ ಸಿಗ್ತು?"

ದೇವಿಗೆ ನಾಚಿಕೆಯಾಯಿತು. ಸಮೃದ್ಧಿಗೆ ಸಿಟ್ಟು ಬರಲಿಲ್ಲ. "ಕೇಳಿದ್ದು ಒಳ್ಳೇದಾತು. ನನ್ನನ್ನೂ ನಂಬೂದು ಬ್ಯಾಡ. ಈ ಕಾಗದ ಇನ್ನೊಬ್ಬರ ಹತ್ರ ಓದಿಸಿ."

ವೆಂಕಮ್ಮ ಹಾಗೇ ಮಾಡಿದಳು. ಸಮೃದ್ಧಿಯ ಗುರುತೇ ಇಲ್ಲದ ಹೈಸ್ಕೂಲು ಮಾಸ್ತರರ ಮನೆಗೆ ನಡೆದುಹೋಗಿ, ಮೂರನೇ ಪುಟ ಓದಿ ಅಂದಳು. ಅವರೂ ಅದನ್ನೇ ಓದಿದರು.

ಹಾಕಿದ ಸಹಿಗೆ ಏನು ಮಾಡುವುದು, ಜಿನೀವಾಕ್ಕೆ ತಾವೇ ಹೋಗಬೇಕೋ ಎಂದು ಆ ಭಾನುವಾರ ಕೇರಿಯವರೆಲ್ಲ ಸೇರಿದರು, ಸಮೃದ್ಧಿಯೂ ಬಂದಳು. ಪ್ರಶ್ನೆಗಳು ಒಂದರ ಮೇಲೊಂದು ಬಂದವು. ಹೋಗುವ ಖರ್ಚು ಯಾರದ್ದು? ವಿಶ್ವಸಂಸ್ಥೆಯದ್ದೇ ಒಂದು ನಿಧಿ ಇದೆ, ಆದಿವಾಸಿ ಸಂಘದ ಪತ್ರದ ಜೊತೆ ಅರ್ಜಿ ಹಾಕಬೇಕು, ಎಲ್ಲರಿಗೂ ಸಿಗುತ್ತದೆ ಅಂತಿಲ್ಲ, ಆದರೆ ಸಭೆಗೆ ಹೆಸರು ನೋಂದಾಯಿಸಲು ಶುಲ್ಕ ಇಲ್ಲ, ಯಾರಾದರೂ ಕೇಳಿದರೆ ಕೊಡಬೇಡಿ ಎಂದಳು ಸಮೃದ್ಧಿ. ನೀವು ಆಫ್ರಿಕಾ ಮೂಲದವರು, ನಿಮಗೆಂತ ಆದಿವಾಸಿ ಸಭೆ ಅಂತ ಯಾರಾದರೂ ಅಂದರೆ? "ನಮ್ಮ ಸರ್ಕಾರವೇ ನಮ್ಮನ್ನ ಪರಿಶಿಷ್ಟ ಪಂಗಡ ಅಂತ ಬರಕಂಡಿದ್ದು. ತಲೆತಲಾಂತರದಿಂದ ಈ ಕಾಡೇ ನಮ್ಮ ಮನೆ. ಹಾಂಗೇ ಹೇಳವು" ಎಂದಳು ಸಮೃದ್ಧಿ.

"ಅಲ್ಲಿ ಹೋದ್ರೆ ನಮ್ಮ ಕಾಡು ನಮ್ಗೆ ಉಳೀತಾ?" ಕೆರಿಯ ಕೇಳಿದ.

ಸಮೃದ್ಧಿ ಅವನ ಕಡೆ ತಿರುಗಿದಳು. "ಸುಳ್ಳು ಹೇಳ್ತ್ನಿಲ್ಲೆ ಮಾವ. ಅದು ಕೋರ್ಟಲ್ಲ, ತೀರ್ಪು ಕೊಡ್ತಿಲ್ಲೆ. ಕಾಡಿನ ಹಕ್ಕಿಗೆ ಇಲ್ಲೇ ಗ್ರಾಮಸಭೆಯಲ್ಲಿ ಅರ್ಜಿ ಹಾಕವು, ಇಲ್ಲೇ ಹೋರಾಡವು. ಆದ್ರೆ ನಮ್ಮನ್ನ ಕೇಳದೆ ನಮ್ಮ ವಿಷಯ ತೀರ್ಮಾನ ಮಾಡಲಾಗ್ತಿಲ್ಲೆ ಅಂತ ಜಗತ್ತಿನ ಎದುರಿಗೆ ನಾವೇ ಹೇಳಲಕ್ಕು."

ಕೇರಿಯ ಸಭೆ ಠರಾವು, ಅಂದರೆ ನಿರ್ಣಯ, ಬರೆಯಿತು. ಹನ್ನೊಂದು ಸಹಿ ಹಿಂದಕ್ಕೆ ಪಡೆಯಲಾಗಿದೆ, ಕಿರುಗದ್ದೆಯ ಪರವಾಗಿ ಆ ಸಂಸ್ಥೆ ಮಾತಾಡಬಾರದು. ಅದನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಸಂಸ್ಥೆಗೆ ಕಳಿಸಿದರು.

ಹೋಗುವವರು ಯಾರು? ಎಲ್ಲರೂ ದೇವಿಯ ಕಡೆ ನೋಡಿದರು. ಅವಳು ಹತ್ತನೇ ತರಗತಿ ಓದಿದವಳು. ದೇವಿ ಎದ್ದು ನಿಂತು, "ನಮ್ಮ ಅತ್ತೆ ಹೋಗ್ಲಿ" ಎಂದಳು. "ನಾನು ಯಾರಾದ್ರೂ ನಕ್ಕು ಮಾತಾಡಿದ್ರೆ ತಲೆ ಅಲ್ಲಾಡಿಸ್ತೆ. ಅವರು ಅಲ್ಲಾಡಿಸ್ತಿಲ್ಲೆ."

ನಿಧಿಗೆ ಹಾಕಿದ ಅರ್ಜಿ ಒಪ್ಪಿಗೆಯಾಗಿ, ಮುಂದಿನ ಜುಲೈನಲ್ಲಿ ವೆಂಕಮ್ಮ ಜಿನೀವಾದ ದೊಡ್ಡ ಸಭಾಂಗಣದಲ್ಲಿ ಕೂತಿದ್ದಳು. ಪಕ್ಕದಲ್ಲಿ ಸಮೃದ್ಧಿ. ಎಲ್ಲೆಲ್ಲಿಂದಲೋ ಬಂದ ಕಾಡಿನ ಜನ, ಹಿಮದ ನಾಡಿನ ಜನ, ಸರ್ಕಾರಗಳ ಪ್ರತಿನಿಧಿಗಳು. ಇವರಲ್ಲಿ ಉಲ್ಲಾಸನ ಕಡೆಯವರು ಯಾರು ಎಂದು ಅವಳು ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ಆ ಸಂಸ್ಥೆಯವರು ಕಿರುಗದ್ದೆಯ ಹೆಸರು ಎತ್ತಲೇ ಇಲ್ಲ.

ಅವಳ ಸರದಿ ಮೂರನೇ ದಿನ ಬಂತು. ಸಿಕ್ಕಿದ್ದು ಕೆಲವೇ ನಿಮಿಷ. ಅವಳು ಕನ್ನಡದಲ್ಲಿ ಹೇಳಿದಳು, ಸಮೃದ್ಧಿ ಇಂಗ್ಲಿಷಿನಲ್ಲಿ.

"ನಾನು ಕಿರುಗದ್ದೆಯ ವೆಂಕಮ್ಮ. ನಾವು ಕಾಡು ಬಿಡ್ತ್ಯ ಅಂತ ಒಂದು ಕಾಗದ ಆಗಿತ್ತು. ಬಿಡ್ತ್ಯಿಲ್ಲೆ. ನಮ್ಮ ಬಗ್ಗೆ ಯಾರು ಎಂತ ಓದಿದ್ರೂ, ನಮ್ಮ ಸಭೆಯ ಠರಾವು ಎಲ್ಲಿದ್ದು ಅಂತ ಮೊದ್ಲು ಕೇಳಿ."

ಊರಿಗೆ ಬಂದಾಗ ಕೆರಿಯ ಕೇಳಿದ, "ಎಂತ ಹೇಳಿದ್ರು?"

"ಕೇಳಿಸ್ಕಂಡ್ರು. ಬರಕಂಡ್ರು. ಬರದ್ದು ಎಲ್ಲಿಗೆ ಹೋಗ್ತು ಅಂತ ನಾವೇ ಬೆನ್ನು ಹತ್ತಿ ನೋಡವು."

ಗ್ರಾಮಸಭೆಯಲ್ಲಿ ಹಾಕಿದ ಕಾಡಿನ ಹಕ್ಕಿನ ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಕಿರುಗದ್ದೆಯಲ್ಲಿ ಈಗ ಸಹಿ ಕೇಳುವವರು ಮೊದಲು ಸಭೆಯ ಎದುರು ಕನ್ನಡದಲ್ಲಿ ಪೂರ್ತಿ ಓದಬೇಕು. ಬರುವ ಸಲ ಜಿನೀವಾಕ್ಕೆ ಹೋಗುವ ಅರ್ಜಿಗೆ ಕೆರಿಯ ತಾನೇ ದೇವಿಯ ಹೆಸರು ಸೂಚಿಸಿದ್ದಾನೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಸಿದ್ದಿ ಬಂಧುಗಳೇ, ಕುಣಬಿ, ಗೌಳಿ ಬಂಧುಗಳೇ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡಂಚಿನ ಎಲ್ಲ ಅಕ್ಕತಂಗಿಯರೇ, ನಿಮ್ಮ ಕೇರಿಗೂ ಕಾಗದ ಬರುತ್ತದೆ. ನಿಮ್ಮ ಮಾತಿನಲ್ಲಿ ಪೂರ್ತಿ ಓದಿಸಿ, ಇಬ್ಬರ ಹತ್ತಿರ ಓದಿಸಿ. ಒಂದು ಪ್ರತಿ ಇಟ್ಟುಕೊಳ್ಳಿ. ಕೇರಿ ಸೇರಿ ತೀರ್ಮಾನಿಸಿ. ನಿಮ್ಮ ಪ್ರತಿನಿಧಿಯನ್ನು ನೀವೇ ಆರಿಸಿ, ಅವರು ಹಿಂತಿರುಗಿದ ಮೇಲೆ ಲೆಕ್ಕ ಹಿಡಿದು ಪ್ರಶ್ನೆ ಕೇಳಿ. ಅನುಮಾನ ಬಿಡಬೇಡಿ. ಆದರೆ ಅನುಮಾನ ಇಟ್ಟುಕೊಂಡು ಮನೆಯಲ್ಲೇ ಕೂರಬೇಡಿ, ಅದನ್ನು ಕಟ್ಟಿಕೊಂಡೇ ಸಭೆಗೆ ಹೋಗಿ.