ಎರಡನೇ ಹಾಡಿನ ತಪ್ಪು

ನೀನು ಎಲ್ಲಿ ತಪ್ಪಿದರೂ ಮುಚ್ಚಿಡದೆ ಹೇಳುತ್ತೇನೆ ಎಂದು ಅಕ್ಕ ಮಾತು ಕೊಟ್ಟಾಗ ತಂಗಿಯ ತೋಳಿಗಿಂತ ಪಿಟೀಲೇ ಉದ್ದವಾಗಿತ್ತು. ಹೊರಗಿನವರು ಹೊಗಳಿ ಅಟ್ಟಕ್ಕೇರಿಸುತ್ತಾರೆ, ಕೆಳಗಿಳಿಸಲು ಮನೆಯವರೇ ಬೇಕು ಎಂಬುದು ಅಕ್ಕನ ನಂಬಿಕೆ.

ಅಂದಿನಿಂದ ಅವಳು ಒಂದು ಕಾರ್ಯಕ್ರಮವನ್ನೂ ಸುಖವಾಗಿ ಕೇಳಿದವಳಲ್ಲ. ಗಾರ್ಮೆಂಟ್ಸ್‌ನಲ್ಲಿ ಅವಳದು ಚೆಕಿಂಗ್ ಕೆಲಸ. ದಿನವಿಡೀ ನಿಂತು ಅಂಗಿ ತಿರುವಿ, ಹೊಲಿಗೆ ಬಿಟ್ಟುಹೋದಲ್ಲಿ ಸ್ಟಿಕ್ಕರ್ ಅಂಟಿಸಬೇಕು. ಸಂಜೆ ತಂಗಿಯ ಹಾಡಿಗೂ ಅದೇ ಸ್ಟಿಕ್ಕರ್. ಬರಬರುತ್ತಾ ತಂಗಿ ಉಸಿರು ಬಿಗಿಹಿಡಿದೇ ನುಡಿಸತೊಡಗಿದ್ದಳು. ಇವತ್ತಂತೂ ಸಭಾಂಗಣದ ಬಾಗಿಲಲ್ಲೇ ಅಕ್ಕನನ್ನು ತಡೆದು ಹೇಳಿದ್ದಳು:

"ಇವತ್ತೂ ತಪ್ಪಿದ್ರೆ ಇನ್ನು ಸ್ಟೇಜ್ ಹತ್ತಲ್ಲ ಅಕ್ಕ. ಸಾಕಾಗಿದೆ."

ಅಕ್ಕ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಂದಿನ ಸಾಲಲ್ಲಿ ಕುಳಿತಳು. ಕಾಲುಗಳು ನೋಯುತ್ತಿದ್ದವು. ಮೊದಲ ಹಾಡು ಇಸ್ತ್ರಿ ಹಾಕಿದ ಹಾಗೆ ಹೋಯಿತು. ಎರಡನೆಯದರಲ್ಲಿ ಡ್ರಮ್ಮಿನವನು ಇನ್ನೂ ತನ್ನ ಸುತ್ತು ಮುಗಿಸಿರಲಿಲ್ಲ, ತಂಗಿಯ ಕಮಾನು ನುಗ್ಗಿಬಿಟ್ಟಿತು.

ಡ್ರಮ್ಮಿನವನು ಹುಬ್ಬೇರಿಸಿದ. ಓಡು, ಹಿಡೀತೀನಿ ಎನ್ನುವ ಹಾಗೆ ಕೋಲುಗಳನ್ನು ಅವಳ ಬೆನ್ನಿಗೆ ಬಿಟ್ಟ. ತಂಗಿ ಓರೆಗಣ್ಣಲ್ಲಿ ನೋಡಿ, ಈ ಸಲ ಬೇಕೆಂದೇ ಮುಂದೆ ಹಾರಿದಳು. ಅವನು ಹಿಡಿದ, ಅವಳು ಜಾರಿಕೊಂಡಳು. ಎದುರಿಗೆ ಜನ ಕೂತಿದ್ದಾರೆ ಎಂಬುದು ಇಬ್ಬರಿಗೂ ಮರೆತೇಹೋದಂತಿತ್ತು. ತುಟಿ ಕಚ್ಚಿದರೂ ಇಬ್ಬರ ನಗು ಹೊರಗೆ ಚೆಲ್ಲುತ್ತಿತ್ತು. ಕೂತಲ್ಲೇ ಅಕ್ಕನ ಕಾಲುನೋವು, ನಾಳೆಯ ಪಾಳಿ ಎಲ್ಲ ಎತ್ತಲೋ ಸರಿದವು.

"ಅಮ್ಮಾ, ಯಾಕೆ ನಗ್ತಿದೀಯಾ?" ಮಗಳು ಕೇಳಿದಳು.

"ಸುಮ್ನೆ ಚಿಕ್ಕಮ್ಮನ್ನ ನೋಡೇ."

ಮುಗಿದ ಮೇಲೆ ತಂಗಿ ಪಿಟೀಲು ಒರೆಸುತ್ತಾ, ತಲೆ ಎತ್ತದೆ ಕೇಳಿದಳು. "ಹೇಳು. ತಪ್ಪಿದ್ನಾ?"

ಇಲ್ಲ ಎಂಬ ಮಾತು ಅಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಅಂದುಬಿಟ್ಟರೆ ತಂಗಿ ಸ್ಟೇಜ್ ಬಿಡುತ್ತಿರಲಿಲ್ಲ.

"ತಪ್ಪಿದೆ. ಎರಡನೇದ್ರಲ್ಲಿ ಅವನಿಗಿಂತ ಮುಂಚೆ ನುಗ್ಗಿದೆ," ಎಂದಳು. "ಆಮೇಲೆ ಇಬ್ರೂ ಮಾವಿನಕಾಯಿ ಕದ್ದೋರ ಹಾಗೆ ನಕ್ಕಿರಲ್ಲ, ಅದಕ್ಕೋಸ್ಕರ ಇನ್ನೂ ನೂರು ಸಲ ತಪ್ಪು ಮಾಡು ಕಣೇ. ನಾನು ಬಂದು ಕೂತ್ಕೋತೀನಿ."

ತಂಗಿ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ತಲೆ ಎತ್ತಿದಳು.

"ಹಾಗಾದ್ರೆ ಬರೋ ವಾರ ಬೇಗ ಬಾ. ಮುಂದೆ ಕೂತ್ಕೋ, ನಿನ್ನ ಮುಖ ನಂಗೂ ಕಾಣ್ಲಿ."

ತಪ್ಪನ್ನು ಮುಚ್ಚಿಡದೆ ಹೇಳಿ, ಅಕ್ಕ ಅಂದು ಕೊಟ್ಟ ಮಾತು ಉಳಿಸಿಕೊಂಡಿದ್ದಳು.