ಕೆಮ್ಮದ ಕೂಸು

ಸೊಸೆ ಏಳು ತಿಂಗಳ ಬಸುರಿ, ಎಕ್ಸ್-ರೇ ಕೋಣೆಯೊಳಗೆ ಬರುವಂತಿಲ್ಲ ಎಂದರು. ಮಗ ಉಣಿಸಹೋದರೆ ಮೊಮ್ಮಗಳು ತುಟಿ ಬಿಗಿದುಕೊಳ್ಳುತ್ತಾಳೆ. ಕೊನೆಗೆ ಸೀಸದ ಏಪ್ರನ್ ನನ್ನ ಕೊರಳಿಗೆ ಬಿತ್ತು. ಹೆಣಭಾರ. ಆದರೂ ಒಳಗೊಳಗೇ ಬೀಗಿದೆ, ಸುಳ್ಳೇಕೆ ಹೇಳಲಿ.

ಎರಡು ವರ್ಷದ ಕೂಸು. ಮೂರು ಸಲ ನ್ಯುಮೋನಿಯಾ ಆಗಿ ಸತ್ತು ಬದುಕಿದೆ. ಅಮ್ಮ ಉಣಿಸಿದರೆ ನಾಲ್ಕನೇ ಚಮಚಕ್ಕೇ ಕೆಮ್ಮು. ಅವಳು ಹೆದರಿ ಬಟ್ಟಲು ಕೆಳಗಿಡುತ್ತಾಳೆ. ನಾನು ಬಿಡುವವಳೇ? ತಳ ಕಾಣುವತನಕ ಉಣಿಸುತ್ತೇನೆ, ಆಮೇಲೆ ಒಂದು ಕೆಮ್ಮೂ ಇಲ್ಲ. "ಕೈಗುಣ ಬೇಕಮ್ಮ ಅದಕ್ಕೆ," ಎಂದು ಎಷ್ಟು ಸಲ ಚುಚ್ಚಿದ್ದೇನೋ. ಮಗುವಿಗೆ ಜ್ವರ ಬಂದಾಗಲೆಲ್ಲ, ಕಿಟಕಿ ತೆರೆದಿಟ್ಟು ಶೀತ ಮಾಡಿಸಿದೆ ಅಂತ ಅವಳ ಮೇಲೇ ಹರಿಹಾಯ್ದಿದ್ದೇನೆ.

"ನುಂಗಿದ್ದು ಹೊಟ್ಟೆಗೆ ಹೋಗುತ್ತಾ, ಶ್ವಾಸಕೋಶಕ್ಕೆ ಹೋಗುತ್ತಾ ಅಂತ ನೋಡ್ತೀವಿ," ಎಂದಳು ಥೆರಪಿಸ್ಟ್. ಪರದೆಯ ಮೇಲೆ ಕಾಣಲೆಂದು ಹಾಲಿಗೆ ಏನೋ ಪುಡಿ ಬೆರೆಸಿದ್ದಳು. "ಮನೇಲಿ ಹೇಗೆ ಉಣಿಸ್ತೀರೋ ಹಾಗೇ ಮಾಡಿ ಅಜ್ಜಿ. ಹಾಲು ಆಗ್ಲಿಲ್ಲ ಅಂದ್ರೆ ಗಟ್ಟಿ ಗಂಜಿ ನೋಡೋಣ. ಅದೂ ಆಗ್ಲಿಲ್ಲ ಅಂದ್ರೆ ಬಾಯಿಗೆ ಏನೂ ಕೊಡೋ ಹಾಗಿಲ್ಲ. ಹೊಟ್ಟೆಗೇ ಟ್ಯೂಬ್ ಹಾಕ್ಬೇಕು."

"ಟ್ಯೂಬು ಗೀಬು ಏನೂ ಬೇಡ, ನೋಡ್ತಾ ಇರಿ," ಎಂದೆ.

ಬೆಳಗಿನಿಂದ ಉಪವಾಸವಿದ್ದ ಕೂಸು ಚಮಚ ಕಂಡದ್ದೇ ಬಾಯಿ ತೆರೆಯಿತು. ಪರದೆಯಲ್ಲಿ ಹಾಲು ಕಪ್ಪು ದಾರವಾಗಿ ಇಳಿದು, ಗಂಟಲಲ್ಲಿ ಎರಡಾಯಿತು. ಹಿಂದಿನದು ಅನ್ನನಾಳ, ಮುಂದಿನದು ಶ್ವಾಸನಾಳ ಎಂದು ಥೆರಪಿಸ್ಟ್ ತೋರಿಸಿದಳು. ಮಗು ಕೆಮ್ಮಿತು. ಒಂದಿಷ್ಟು ಮೇಲಕ್ಕೆ ಬಂತು. ಇನ್ನೂ ನಾಲ್ಕು ಚಮಚ ಕೊಟ್ಟೆ.

"ಈಗ ನಿಂತಿತಲ್ಲ?" ಎಂದೆ ಆಸೆಯಿಂದ.

"ನಿಂತಿದ್ದು ಕೆಮ್ಮು ಮಾತ್ರ ಅಜ್ಜಿ. ಸುಸ್ತಾಗಿ ಕೆಮ್ಮೋಕೂ ಆಗ್ತಿಲ್ಲ. ಹಾಲು ಶ್ವಾಸಕೋಶಕ್ಕೆ ಹೋಗ್ತಾನೇ ಇದೆ, ನೋಡಿ."

ಅಯ್ಯೋ ನನ್ನ ಕರ್ಮವೇ, ತಳ ಕಾಣುವತನಕ ಉಣಿಸಿದವಳು ನಾನಲ್ಲವೇ? ಮೂರು ಸಲವೂ ನ್ಯುಮೋನಿಯಾ ತಂದವಳು ನಾನೇ ಅಲ್ಲವೇ?

"ಗಂಜಿ ನೀವೇ ಕೊಡಿ ತಾಯಿ, ನನ್ನಿಂದಾಗಲ್ಲ," ಎಂದು ಚಮಚ ಥೆರಪಿಸ್ಟ್ ಕೈಗೆ ತುರುಕಿದೆ. ಅವಳು ಏನೆಲ್ಲ ಆಟ ಆಡಿಸಿದರೂ ಮಗು ಬಾಯಿ ಬಿಡಲಿಲ್ಲ. ಚಮಚ ನನಗೇ ವಾಪಸ್ಸು ಬಂತು. ಹಿಂದಕ್ಕೆ ಹೋಗು, ನಿನ್ನ ಕಾಲಿಗೆ ಬೀಳ್ತೀನಿ, ಹಿಂದಕ್ಕೆ ಹೋಗು ಎಂದು ಗಂಜಿಯನ್ನೇ ಬೇಡಿಕೊಂಡೆ. ಮೊದಲನೆಯದು ಹಿಂದಕ್ಕೇ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದು ಮುಂದಿನ ದಾರಿ ಹಿಡಿಯಿತು, ನಾಲ್ಕನೆಯದೂ ಅಲ್ಲಿಗೇ. ಮಗು ಕಣ್ಣು ಕೂಡ ಮಿಟುಕಿಸಲಿಲ್ಲ.

"ಸಾಕು ಅಜ್ಜಿ," ಎಂದು ಥೆರಪಿಸ್ಟ್ ಯಂತ್ರ ನಿಲ್ಲಿಸಿದಳು.

ಗಾಜಿನಾಚೆಯಿಂದ ಎಲ್ಲವನ್ನೂ ನೋಡಿದ್ದ ಸೊಸೆ ಒಳಗೆ ಬಂದಳು. ಬಯ್ಯುತ್ತಾಳೆಂದು ಕಾದೆ. ಬಯ್ದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಅವಳು ಮಗುವನ್ನು ಎತ್ತಿಕೊಂಡಳು. ಹಸಿದ ಕೂಸು ಅವಳ ತೋಳಲ್ಲಿ ಒದ್ದಾಡಿ, ನನ್ನ ಕಡೆಗೆ ಎರಡೂ ಕೈ ಚಾಚಿ, "ಅಜ್ಜೀ, ಆ..." ಎಂದು ಬಾಯಿ ತೆರೆಯಿತು.

"ನಿಮ್ಮ ಹತ್ರ ಬರ್ತಾಳಂತೆ ಅತ್ತೆ," ಎಂದಳು ಸೊಸೆ.

"ಬೇಡ ಕಣೇ, ಗಟ್ಟಿಯಾಗಿ ಹಿಡ್ಕೋ. ನನ್ನ ಕೈಗೆ ಕೊಡಬೇಡ," ಎಂದು ಗೋಡೆಗೆ ಮುಖ ಮಾಡಿ ನಿಂತೆ.